ಸ್ಯಾಂಟಿಯಾಗೊಗೆ ಯಾವ ದಾರಿ ಹಿಡಿಯೋಣ? ರಜೆ, ಮಂಡಿ, ಜೇಬು ನೋಡಿಕೊಂಡು ಒಂದು ಲೆಕ್ಕಾಚಾರ

ಸ್ಪೇನಿನ ಸ್ಯಾಂಟಿಯಾಗೊಗೆ ಹೋಗುವ 'ಕಮಿನೋ' ಎಂಬ ಪಾದಯಾತ್ರೆ ನಡೆದು ಬಂದಾಗಿನಿಂದ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಸಾರಿಯಾದಿಂದ ಹೊರಡೋದಾ, ಪೋರ್ಟೊದಿಂದ ಹೊರಡೋದಾ?" ಉಳಿದವರದು ಇನ್ನೊಂದು ಚಿಂತೆ. ಪೂರ್ತಿ ಎಂಟುನೂರು ಕಿಲೋಮೀಟರ್ ನಡೆಯದಿದ್ದರೆ ಅದನ್ನು ಯಾತ್ರೆ ಅಂತ ಕರೆಯಬಹುದಾ ಎಂದು. ಎರಡನೆಯದಕ್ಕೆ ಉತ್ತರ ಸುಲಭ, ಕರೆಯಬಹುದು. ಮೊದಲನೆಯದಕ್ಕೆ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಒಂದೆರಡು ಮಾತು. ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾ ಪ್ರಾಂತ್ಯದಲ್ಲಿ ಸ್ಯಾಂಟಿಯಾಗೊ ದೆ ಕೊಂಪೊಸ್ತೇಲಾ ಎಂಬ ಊರಿದೆ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಸಂತ ಯಾಕೋಬನ ಸಮಾಧಿ ಅಲ್ಲಿನ ಕಥೀಡ್ರಲ್‌ನಲ್ಲಿದೆ ಎಂಬ ನಂಬಿಕೆಯಿಂದ 9ನೇ ಶತಮಾನದಿಂದ ಜನ ನಡೆದು ಹೋಗುತ್ತಿದ್ದಾರೆ. ಆಗ ಯಾತ್ರೆ ಶುರುವಾಗುತ್ತಿದ್ದದ್ದು ಅವರವರ ಮನೆಬಾಗಿಲಿನಿಂದ. ಆದ್ದರಿಂದಲೇ ಇಲ್ಲಿ "ಅಸಲಿ ದಾರಿ" ಅಂತ ಒಂದಿಲ್ಲ, ಹಲವು ದಾರಿಗಳು ಒಂದೇ ಚೌಕಕ್ಕೆ ಬಂದು ಸೇರುತ್ತವೆ. ಎಲ್ಲದರಲ್ಲೂ ಗೋಡೆ, ಕಲ್ಲು, ಮರದ ಮೇಲೆ ಹಳದಿ ಬಾಣದ ಗುರುತಿದೆ. 1980ರ ದಶಕದಲ್ಲಿ ಓ ಸೆಬ್ರೇರೊ ಎಂಬ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಲಿನ್ಯಾ ಹಳದಿ ಬಣ್ಣದ ಡಬ್ಬಿ ಹಿಡಿದು ಬಳಿಯಲು ಶುರುಮಾಡಿದ್ದು ಅದು. ಹಾಗಾಗಿ ದಾರಿ ತಪ್ಪುವ ಭಯವನ್ನು ಆಯ್ಕೆಯ ಲೆಕ್ಕದಿಂದ ತೆಗೆದುಬಿಡಿ. ಯಾವ ದಾರಿಯಲ್ಲೂ ಅದು ದೊಡ್ಡ ತೊಂದರೆಯಲ್ಲ.

ಹಾಗಾದರೆ ಯಾವುದನ್ನು ನೋಡಬೇಕು?

ಮೊದಲು ಕ್ಯಾಲೆಂಡರ್. ಬೆಂಗಳೂರಿನಿಂದ ಹೋಗಿ ಬರಲು ಮೂರು ದಿನ ಕಳೆಯಿರಿ. ಒಂದು ವಾರದ ರಜೆಗೆ ಎರಡು ವಾರಾಂತ್ಯ ಸೇರಿಸಿದರೆ ನಡೆಯಲು ಸಿಗುವುದು ಆರು ದಿನ ಮಾತ್ರ. ಸ್ಯಾಂಟಿಯಾಗೊದ ಯಾತ್ರಿಕರ ಕಚೇರಿಯವರು ಕೊಡುವ 'ಕೊಂಪೊಸ್ತೇಲಾ' ಪ್ರಮಾಣಪತ್ರ ಬೇಕೆಂದರೆ ಕನಿಷ್ಠ 100 ಕಿ.ಮೀ. ನಡೆದಿರಬೇಕು, ಯಾತ್ರೆಯ ಪಾಸ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಮುದ್ರೆ ಹಾಕಿಸಿರಬೇಕು. ಧಾರ್ಮಿಕ ಅಥವಾ ಆಧ್ಯಾತ್ಮಿಕ ಉದ್ದೇಶದಿಂದ ಬಂದೆ ಎಂದರೆ ಸಾಕು, ಕ್ರೈಸ್ತರೇ ಆಗಿರಬೇಕಿಲ್ಲ.

ಎರಡನೆಯದು ಮಂಡಿ ಮತ್ತು ಪಾದ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದವರು, ಯುಗಾದಿಗೆ ಶ್ರೀಶೈಲಕ್ಕೆ ಹೋದವರು "ನಮಗೆ ನಡೆಯೋದು ಹೊಸದಾ?" ಅನ್ನುತ್ತಾರೆ. ಹೊಸದಲ್ಲ, ನಿಜ. ಆದರೆ ಅಲ್ಲಿ ಎಷ್ಟೋ ತಂಡಗಳ ಗಂಟುಮೂಟೆ ಗಾಡಿಯಲ್ಲಿ ಬರುತ್ತದೆ, ದಾರಿಯುದ್ದಕ್ಕೂ ಊಟ ಹಾಕುವವರಿರುತ್ತಾರೆ. ಇಲ್ಲಿ ಆರೇಳು ಕಿಲೋ ನಿಮ್ಮ ಬೆನ್ನ ಮೇಲೇ. ಇನ್ನು ಏರು ಬರೀ ಉಸಿರು ಕೇಳುತ್ತದೆ, ಮಂಡಿ ಕೇಳುವುದು ಇಳಿಜಾರು.

ಮೂರನೆಯದು ಜನಜಂಗುಳಿ. 2024ರಲ್ಲಿ ಪ್ರಮಾಣಪತ್ರಕ್ಕಾಗಿ ಕಚೇರಿಗೆ ಬಂದವರೇ ಐದು ಲಕ್ಷದ ಹತ್ತಿರ. ಜೊತೆ ಬೇಕೋ ಏಕಾಂತ ಬೇಕೋ ಎಂದು ಹೊರಡುವ ಮೊದಲೇ ನಿಮ್ಮನ್ನು ನೀವು ಕೇಳಿಕೊಳ್ಳಿ. ನಾಲ್ಕನೆಯದು ದುಡ್ಡು, ಐದನೆಯದು ಊಟ. ಅವೆರಡೂ ದಾರಿಯಿಂದ ದಾರಿಗೆ ಅಷ್ಟೇನೂ ಬದಲಾಗದ ಕಾರಣ ಕೊನೆಯಲ್ಲಿ ಒಟ್ಟಿಗೆ ಹೇಳುತ್ತೇನೆ.

ಫ್ರೆಂಚ್ ದಾರಿ, ಪೂರ್ತಿ

ಹೆಚ್ಚಿನವರ ತಲೆಯಲ್ಲಿ ಕಮಿನೋ ಅಂದರೆ ಇದೇ. ಫ್ರಾನ್ಸಿನ ಸಾಂ ಜಾಂ ಪಿಯೆ ದ ಪೋರ್ ಊರಿನಿಂದ ಸುಮಾರು 780 ಕಿ.ಮೀ., 30ರಿಂದ 35 ದಿನ. 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಪಾಂಪ್ಲೊನಾ, ಬುರ್ಗೋಸ್, ಲಿಯೋನ್‌ನಂಥ ದೊಡ್ಡ ಊರುಗಳಿವೆ, ನಡುವೆ ಲೆಕ್ಕವಿಲ್ಲದಷ್ಟು ಹಳ್ಳಿಗಳಿವೆ.

ಇದರ ಕಷ್ಟವೆಲ್ಲ ಮೊದಲ ದಿನವೇ ಎದುರಿಗೆ ಬಂದು ನಿಲ್ಲುತ್ತದೆ. ಸುಮಾರು 25 ಕಿ.ಮೀ.ಯಲ್ಲಿ ಪಿರನೀಸ್ ಪರ್ವತ ಹತ್ತಿ, 1,400 ಮೀಟರ್ ದಾಟಿ, ಆಚೆ ರೊನ್ಸೆಸ್ವಾಯೆಸ್‌ಗೆ ಇಳಿಯಬೇಕು. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಈ ಮೇಲಿನ ಹಾದಿ ಮುಚ್ಚಿರುತ್ತದೆ, ಆಗ ಕಣಿವೆಯ ವಾಲ್ಕಾರ್ಲೋಸ್ ದಾರಿಯೇ ಗತಿ. ವಿಮಾನ ಇಳಿದ ಮಾರನೆಯ ದಿನವೇ, ನಿದ್ದೆಗೆಟ್ಟ ಮೈಯಲ್ಲಿ ಇದನ್ನು ಹತ್ತಲು ಹೋಗಿ ನಾನು ಇಳಿಜಾರಿನ ಬೀಚ್ ಮರಗಳ ಕಾಡಿನಲ್ಲಿ ಎಡಮಂಡಿ ಹಿಡಿದುಕೊಂಡು ಹಿಮ್ಮುಖವಾಗಿ ಇಳಿದಿದ್ದೇನೆ. ಹಿಂದಿನಿಂದ ಬಂದ ಎಪ್ಪತ್ತರ ಹತ್ತಿರದ ಅಜ್ಜಿಯೊಬ್ಬರು ಮಾತಿಲ್ಲದೆ ತಮ್ಮ ಎರಡು ಊರುಗೋಲಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟು ಮುಂದೆ ಹೋದರು. ಒಂದು ದಿನ ತಡೆದು ಹೊರಡಿ, ಇಲ್ಲವೇ ನಡುವೆ ಎಂಟು ಕಿ.ಮೀ. ಆಚೆಗಿರುವ ಒರಿಸೋನ್‌ನಲ್ಲಿ ಮುಂಗಡ ಕಾದಿರಿಸಿ ಏರನ್ನು ಎರಡು ದಿನಕ್ಕೆ ಹಂಚಿಕೊಳ್ಳಿ.

ಬುರ್ಗೋಸ್ ದಾಟಿದ ಮೇಲೆ ಲಿಯೋನ್‌ವರೆಗೆ ಸುಮಾರು 180 ಕಿ.ಮೀ. ಮೆಸೆತಾ ಎಂಬ ಬಯಲು. ಗೋಧಿ ಹೊಲ, ಆಕಾಶ, ಬಿಸಿಲು. ಕರಿಯೋನ್ ಊರು ಬಿಟ್ಟ ಮೇಲಂತೂ 17 ಕಿ.ಮೀ. ಒಂದು ಮನೆಯಿಲ್ಲ, ಒಂದು ನಲ್ಲಿಯಿಲ್ಲ. ಬೇಜಾರು ಎಂದು ಬಸ್ ಹತ್ತಿ ಇದನ್ನು ಹಾರಿಸುವವರು ಬೇಕಾದಷ್ಟು ಜನ. ಗದಗ, ನವಲಗುಂದದ ಎರೆಹೊಲಗಳ ನಡುವೆ ಬೆಳೆದವರು ಮಾತ್ರ ಹಾರಿಸಬೇಡಿ. ಯಾರಿಗೂ ಮಾತಾಡಬೇಕು ಅನ್ನಿಸದ ಆ ಐದಾರು ದಿನ ನನಗೆ ಇಡೀ ದಾರಿಯಲ್ಲಿ ಹೆಚ್ಚು ನೆನಪಿರುವ ಭಾಗ.

ಐದು ವಾರ ಒಟ್ಟಿಗೆ ಸಿಗುವವರು ಯಾರು? ನಿವೃತ್ತರು, ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವಿನವರು, ಆಗಲೇ ಯೂರೋಪಿನಲ್ಲಿ ಓದುತ್ತಿರುವ ಮಕ್ಕಳು. ಅಂಥವರಿಗೆ ಇದಕ್ಕೆ ಸಮ ಇಲ್ಲ. ಮೂರನೇ ದಿನ ಪರಿಚಯವಾದವರು ಮೂವತ್ತನೇ ದಿನ ಮನೆಯವರಾಗಿರುತ್ತಾರೆ, ಆ ಒಡನಾಟ ಸಣ್ಣ ದಾರಿಗಳಲ್ಲಿ ಸಿಗುವುದಿಲ್ಲ. ಯೂರೋಪಿನವರು ಇದನ್ನೇ ವರ್ಷಕ್ಕೆ ಒಂದು ವಾರದಂತೆ ಕಂತಿನಲ್ಲಿ ಮುಗಿಸುತ್ತಾರೆ. ನಾನೂ ಎರಡು ಕಂತು ಮಾಡಿದೆ. ಆದರೆ ನಮಗೆ ಪ್ರತಿ ಕಂತಿಗೂ ವಿಮಾನ, ವೀಸಾ ಎರಡೆರಡು ಸಲ ಬೀಳುತ್ತದೆ, ಆ ನಷ್ಟ ಗೊತ್ತಿದ್ದೇ ಮಾಡಿ.

ಸಾರಿಯಾದಿಂದ, ಕೊನೆಯ ತುಂಡು

ಅದೇ ಫ್ರೆಂಚ್ ದಾರಿಯ ಕೊನೆಯ 115 ಕಿ.ಮೀ., ಐದಾರು ದಿನ. ಪ್ರಮಾಣಪತ್ರಕ್ಕೆ ಬೇಕಾದಷ್ಟೇ ದೂರ ಆಗಿರುವುದರಿಂದ ಎಲ್ಲ ದಾರಿಗಳ ಯಾತ್ರಿಕರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರು ಇಲ್ಲಿಂದಲೇ ಹೊರಡುತ್ತಾರೆ. ಅದರ ಲಾಭ, ನಷ್ಟ ಎರಡೂ ಇದರಲ್ಲೇ ಇದೆ. ಎರಡು ಮೂರು ಕಿ.ಮೀ.ಗೊಂದು ಕಾಫಿ ಅಂಗಡಿ ಸಿಗುತ್ತದೆ, ನಿಮ್ಮ ಬ್ಯಾಗನ್ನು ಮುಂದಿನ ಊರಿಗೆ ತಲುಪಿಸುವವರಿದ್ದಾರೆ, ಕಾಲು ನೋವಾದರೆ ಟ್ಯಾಕ್ಸಿ ಬರುತ್ತದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಮಂಡಿಯ ಮೇಲೆ ನಂಬಿಕೆ ಇಲ್ಲದವರು ಇದರಾಚೆ ಯೋಚಿಸಲೇಬೇಡಿ.

ನಷ್ಟ ಅಂದರೆ ಬೆಳಿಗ್ಗೆ ಎಂಟಕ್ಕೆ ದಾರಿ ಜಾತ್ರೆಯಂತಿರುತ್ತದೆ. ಸ್ಪೇನಿನ ಶಾಲೆ ಮಕ್ಕಳ ಗುಂಪು, ಸ್ಪೀಕರಿನಲ್ಲಿ ಹಾಡು. ಮೇ ತಿಂಗಳಲ್ಲಿ ಸ್ಯಾಂಟಿಯಾಗೊಗೆ ಒಂದು ದಿನದ ಹಿಂದಿನ ಊರಿಗೆ ಮಧ್ಯಾಹ್ನ ಮೂರಕ್ಕೆ ಹೋದ ನನಗೆ ಒಂದು ಹಾಸಿಗೆಯೂ ಸಿಗಲಿಲ್ಲ. ಟ್ಯಾಕ್ಸಿ ಹಿಡಿದು ಬೇರೆ ಹಳ್ಳಿಗೆ ಹೋಗಿ ಮಲಗಿ, ಬೆಳಿಗ್ಗೆ ಅದೇ ಜಾಗಕ್ಕೆ ವಾಪಸ್ ಬಂದು ನಡೆದೆ.

ಹಾಗಂತ ಬರೀ ಜಾತ್ರೆ ಅಂತ ತಳ್ಳಿಹಾಕುವಂತಿಲ್ಲ. ಮೊದಲ ರಾತ್ರಿ ತಂಗುವ ಪೋರ್ತೊಮರೀನ್ ನೋಡಿ. 1960ರ ದಶಕದಲ್ಲಿ ಮಿನ್ಯೊ ನದಿಗೆ ಅಣೆಕಟ್ಟು ಬಂದು ಹಳೆಯ ಊರು ಮುಳುಗಿತು. ಸಂತ ನಿಕೊಲಾಸನ ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಒಂದೊಂದಕ್ಕೂ ನಂಬರು ಹಾಕಿ, ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಹತ್ತಿರ ಹೋಗಿ ನೋಡಿದರೆ ಕೆಲವು ಕಲ್ಲುಗಳ ಮೇಲೆ ಆ ನಂಬರು ಇನ್ನೂ ಕಾಣುತ್ತದೆ. ಶರಾವತಿ ಸೀಮೆಯವರಿಗೆ ಅಲ್ಲಿ ನಿಂತಾಗ ಲಿಂಗನಮಕ್ಕಿ ನೆನಪಾಗದೆ ಇರುವುದಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಕಾಲದ ಮುಳುಗಡೆ.

ಪೋರ್ಟೊದಿಂದ

ಪೋರ್ಚುಗಲ್ಲಿನ ಪೋರ್ಟೊದಿಂದ ಒಳನಾಡಿನ ದಾರಿ ಸುಮಾರು 240 ಕಿ.ಮೀ., ಹನ್ನೊಂದರಿಂದ ಹದಿಮೂರು ದಿನ. ಎರಡು ವಾರ ಚಿಲ್ಲರೆ ರಜೆ ಹೊಂದಿಸಬಲ್ಲ ಉದ್ಯೋಗಸ್ಥರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. 62 ವರ್ಷದ ನನ್ನ ಅಕ್ಕನ ಜೊತೆ ನಡೆದದ್ದೂ ಇದನ್ನೇ. ದೊಡ್ಡ ಪರ್ವತವಿಲ್ಲ. ಗಟ್ಟಿ ಏರು ಅಂದರೆ ಪೊಂತೆ ದ ಲೀಮಾ ಆದಮೇಲೆ ಬರುವ ಲಬ್ರೂಜಾ ಗುಡ್ಡ, ಅದೂ 400 ಮೀಟರ್ ಚಿಲ್ಲರೆ. ಬರೀ ಕಲ್ಲುಬಂಡೆಯ ಹಾದಿ, ಆದರೆ ಒಂದು ಬೆಳಗಿನ ಕೆಲಸ.

ಇದರ ಶತ್ರು ಗುಡ್ಡವಲ್ಲ, ನೆಲ. ಪೋರ್ಚುಗಲ್ಲಿನ ಹಳ್ಳಿರಸ್ತೆಗಳಿಗೆ ಗ್ರಾನೈಟ್ ಕಲ್ಲಿನ ಗುಂಡುಚೌಕಗಳನ್ನು ಹಾಸಿರುತ್ತಾರೆ. ಎರಡು ದಿನ ಅದರ ಮೇಲೆ ನಡೆದರೆ ಅಂಗಾಲು ಬಡಿಸಿಕೊಂಡ ಹಾಗಾಗುತ್ತದೆ. ಮೂರನೇ ಸಂಜೆ ಬಾರ್ಸೆಲೂಸ್‌ನಲ್ಲಿ ಅಕ್ಕ ಬೂಟು ಬಿಚ್ಚಿದಾಗ ಎರಡೂ ಹಿಮ್ಮಡಿಯಲ್ಲಿ ಎಂಟಾಣೆಯಷ್ಟಗಲ ಬೊಬ್ಬೆ. "ನಾಳೆ ಚಪ್ಪಲೀಲೇ ನಡೀತೀನಿ ಕಣೋ" ಎಂದಳು, ನಡೆದಳು ಕೂಡ. ಕಾಲುಚೀಲದ ಮೇಲೆ ಹಿಂಬದಿ ಪಟ್ಟಿಯ ಸ್ಯಾಂಡಲ್ ಹಾಕಿಕೊಂಡು ಉಳಿದ ದಾರಿಯನ್ನೆಲ್ಲ ಮುಗಿಸಿದ್ದು ಹಾಗೇ. ಪೋರ್ಟೊ ನಗರದಿಂದ ಹೊರಬೀಳುವ ಮೊದಲ ದಿನವಂತೂ ವಾಹನ ಓಡಾಡುವ ಇಕ್ಕಟ್ಟಿನ ರಸ್ತೆ, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಬುದ್ಧಿವಂತರು ಮೊದಲ ದಿನ ಸಮುದ್ರದಂಚಿನ ಮರದ ಹಲಗೆ ಹಾದಿಯಲ್ಲಿ ವಿಲಾ ದೊ ಕೊಂದೆವರೆಗೆ ನಡೆದು, ಅಲ್ಲಿಂದ ಒಳನಾಡಿಗೆ ತಿರುಗಿಕೊಳ್ಳುತ್ತಾರೆ. ನೀವೂ ಹಾಗೇ ಮಾಡಿ.

ಆಮೇಲೆ ಬರುವುದು ಹೊಲ, ತೋಟ. ಮಿನ್ಯೊ ಸೀಮೆಯಲ್ಲಿ ದ್ರಾಕ್ಷಿಬಳ್ಳಿಯನ್ನು ಆಳೆತ್ತರದ ಕಲ್ಲುಕಂಬಗಳ ಮೇಲೆ ಚಪ್ಪರ ಹಬ್ಬಿಸುತ್ತಾರೆ, ಕೆಳಗೆ ಎಲೆಕೋಸು ಬೆಳೆಯುತ್ತಾರೆ. ಅಕ್ಕ ನೋಡಿದವಳೇ "ಇದೇನು ದೊಡ್ಡಬಳ್ಳಾಪುರಕ್ಕೆ ಬಂದ್ವಾ?" ಎಂದಳು. ಗಡಿ ದಾಟಿ ಗಲೀಸಿಯಾಗೆ ಬಂದರೆ ನೀಲಗಿರಿ ತೋಪು, ಮಲೆನಾಡಿನಂಥದೇ ಜಿಟಿಜಿಟಿ ಮಳೆ, ಮನೆಗೊಂದು ಕಲ್ಲಿನ ಕಣಜ. ಇಲಿ ಹತ್ತಬಾರದೆಂದು ಕಣಜದ ಕಾಲುಗಳ ನೆತ್ತಿಗೆ ಚಪ್ಪಟೆ ಕಲ್ಲಿಟ್ಟಿರುತ್ತಾರೆ. ಕಾಲ್ದಾಸ್ ದೆ ರೈಸ್ ಊರಿನಲ್ಲಿ ಬಿಸಿನೀರಿನ ಬುಗ್ಗೆಯಿದೆ. ಹನ್ನೊಂದು ದಿನದ ಪಾದಗಳನ್ನು ಅದರಲ್ಲಿ ಇಳಿಬಿಟ್ಟುಕೊಂಡು ಕೂತ ಅರ್ಧ ಗಂಟೆಗೆ ನಾನು ಯಾವ ಕಥೀಡ್ರಲ್ ಬೇಕಾದರೂ ಬಿಟ್ಟುಕೊಡುತ್ತೇನೆ.

ಎರಡು ವಾರವೂ ಇಲ್ಲ, ಆದರೆ ಸಾರಿಯಾದ ಸಂತೆ ಬೇಡ ಎನ್ನುವವರು ಇದೇ ದಾರಿಯನ್ನು ಗಡಿಯೂರು ತುಯ್‌ನಿಂದ ಹಿಡಿಯಬಹುದು. ಸುಮಾರು 115 ಕಿ.ಮೀ., ಆರು ದಿನ. ಇಲ್ಲೂ ಜನ ಇದ್ದಾರೆ, ಆದರೆ ಸಾರಿಯಾದಷ್ಟಿಲ್ಲ.

ಕರಾವಳಿ ದಾರಿ ಬೇಕಾ ಎಂದು ಕೇಳುವವರಿಗೆ: ಪೋರ್ಟೊದಿಂದಲೇ ಸಮುದ್ರ ಹಿಡಿದು ವಿಯಾನಾ, ಬಯೋನಾ, ವೀಗೊ ಮೂಲಕ ಹೋಗಿ ರೆದೊಂದೆಲಾದಲ್ಲಿ ಒಳದಾರಿಗೆ ಸೇರುತ್ತದೆ. ಇಪ್ಪತ್ತು ಮೂವತ್ತು ಕಿ.ಮೀ. ಹೆಚ್ಚು, ನೆಲ ಮೆತ್ತಗೆ, ಬೇಸಿಗೆಯಲ್ಲಿ ತಂಪು. ಆದರೆ ಗಾಳಿ ಎದುರಿಗೇ ಹೊಡೆಯುತ್ತದೆ, ಬೀಚಿನ ಊರುಗಳಲ್ಲಿ ಆಗಸ್ಟ್‌ನಲ್ಲಿ ರೂಮಿನ ರೇಟು ಏರುತ್ತದೆ. ಹಳ್ಳಿ ನೋಡಬೇಕೆಂದು ಹೋಗುವವರು ಒಳದಾರಿಯನ್ನೇ ಹಿಡಿಯಿರಿ. ಮಂಗಳೂರು, ಕಾರವಾರದವರಿಗೆ ಸಮುದ್ರ ನೋಡಲು ಪೋರ್ಚುಗಲ್ಲಿಗೆ ಹೋಗಬೇಕೇ!

ಉಳಿದವು

ಇಂಗ್ಲಿಷ್ ದಾರಿ ಎಂಬುದೊಂದಿದೆ. ಹಿಂದೆ ಇಂಗ್ಲೆಂಡ್, ಐರ್ಲೆಂಡಿನ ಯಾತ್ರಿಕರು ಹಡಗಿನಲ್ಲಿ ಬಂದಿಳಿದು ನಡೆಯುತ್ತಿದ್ದದ್ದು. ಫೆರೋಲ್ ಬಂದರಿನಿಂದ 115 ಕಿ.ಮೀ. ಆಸುಪಾಸು, ಐದಾರು ದಿನ. ಸಾರಿಯಾದಷ್ಟೇ ದೂರ, ಜನ ಬಹಳ ಕಡಿಮೆ, ಏರಿಳಿತ ಸ್ವಲ್ಪ ಜಾಸ್ತಿ. ಆರೇ ದಿನ ಇದ್ದು, ಕಾಲು ಗಟ್ಟಿ ಇದ್ದು, ಮೌನ ಬೇಕಾದವರಿಗೆ ಸಾರಿಯಾಗಿಂತ ಇದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಪಕ್ಕದ 'ಆ ಕೊರೂನಾ' ಎಂಬ ಊರಿನಿಂದ ಹೊರಟರೆ ಮಾತ್ರ ದೂರ 75 ಕಿ.ಮೀ. ಹತ್ತಿರ, ಪ್ರಮಾಣಪತ್ರಕ್ಕೆ ಅದರಷ್ಟಕ್ಕೇ ಸಾಲದು.

ಕುಮಾರಪರ್ವತ, ಕುದುರೆಮುಖ ಹತ್ತಿ ಅಭ್ಯಾಸ ಇರುವವರು ಪ್ರಿಮಿತೀವೊ ನೋಡಿ. ಒವಿಯೇದೊದಿಂದ ಸುಮಾರು 320 ಕಿ.ಮೀ., ಹದಿಮೂರು ಹದಿನಾಲ್ಕು ದಿನ. 9ನೇ ಶತಮಾನದಲ್ಲಿ ರಾಜ ಎರಡನೇ ಅಲ್ಫೊನ್ಸೊ ನಡೆದದ್ದು ಇದೇ ದಾರಿ ಎನ್ನುತ್ತಾರೆ, ಅದಕ್ಕೇ ಮೂಲದ ದಾರಿ ಎಂಬ ಹೆಸರು. ದಿನವೂ ಏರು, ದಿನವೂ ಇಳಿತ. ಬೆಟ್ಟದ ನೆತ್ತಿಯ 'ಹೋಸ್ಪಿತಾಲೆಸ್' ಹಾದಿಯಲ್ಲಿ ಹಿಂದಿನ ಕಾಲದ ಯಾತ್ರಿಕರ ಛತ್ರಗಳ ಪಾಳುಗೋಡೆಗಳ ಪಕ್ಕದಲ್ಲೇ ನಡೆಯುತ್ತೀರಿ. ಮಂಜು ಕವಿದಿದ್ದರೆ ಆ ದಿನ ಕೆಳಗಿನ ದಾರಿ ಹಿಡಿಯಿರಿ, ಹಟ ಬೇಡ. ಮುಂದೆ ಲೂಗೊದಲ್ಲಿ ಊರಿನ ಸುತ್ತ ಪೂರ್ತಿ ಉಳಿದಿರುವ ರೋಮನ್ ಕೋಟೆಗೋಡೆಯ ಮೇಲೆ ಒಂದು ಸುತ್ತು ಹಾಕಬಹುದು. ಮೆಲಿದೆಯಲ್ಲಿ ಫ್ರೆಂಚ್ ದಾರಿಗೆ ಸೇರುತ್ತೀರಿ, ಅಲ್ಲಿಂದ ಮತ್ತೆ ಜಾತ್ರೆ.

ಉತ್ತರ ಕರಾವಳಿಯ 800 ಕಿ.ಮೀ. ದಾರಿ, ಸೆವಿಯಾದಿಂದ ಬರುವ ಸಾವಿರ ಕಿ.ಮೀ. ಹತ್ತಿರದ ದಾರಿ ಇವನ್ನು ಮೊದಲ ಸಲಕ್ಕೆ ಯಾರಿಗೂ ಹೇಳುವುದಿಲ್ಲ.

ದುಡ್ಡು, ಊಟ

ಒಂದು ಯೂರೋಗೆ ನೂರು ರೂಪಾಯಿ ಹಿಡಿಯಿರಿ, ಲೆಕ್ಕಕ್ಕೆ ಸುಲಭ. 'ಅಲ್ಬೆರ್ಗೆ' ಎಂಬ ಯಾತ್ರಿಕರ ಛತ್ರದಲ್ಲಿ ಬಂಕ್ ಹಾಸಿಗೆಗೆ ಸರ್ಕಾರಿಯಾದರೆ ಹತ್ತು ಯೂರೋ ಸುತ್ತಮುತ್ತ, ಖಾಸಗಿಯಾದರೆ ಹದಿನೈದು ಇಪ್ಪತ್ತು. ಯಾತ್ರಿಕರ ಊಟಕ್ಕೆ ಹನ್ನೆರಡರಿಂದ ಹದಿನಾರು. ತಿಂಡಿ, ಕಾಫಿ, ಬಟ್ಟೆ ಒಗೆತ ಸೇರಿ ದಿನಕ್ಕೆ 45 ಯೂರೋ ಇಟ್ಟರೆ ಬಿಗಿಯಿಲ್ಲದೆ ನಡೆಯುತ್ತದೆ. ಗಂಡ ಹೆಂಡತಿಗೆ ಬೇರೆ ರೂಮೇ ಬೇಕೆಂದರೆ ತಲೆಗೆ 70 ಹಿಡಿಯಿರಿ.

ವಿಮಾನ, ವೀಸಾ, ವಿಮೆ ಯಾವ ದಾರಿಗಾದರೂ ಒಂದೇ. ಅದಕ್ಕೆ 90 ಸಾವಿರ ಅಂದುಕೊಳ್ಳಿ. ಸಾರಿಯಾಕ್ಕೆ ಎಂಟು ರಾತ್ರಿಯ 36 ಸಾವಿರ ಸೇರಿದರೆ 1.26 ಲಕ್ಷ. ಪೋರ್ಟೊಗೆ ಹದಿನಾಲ್ಕು ರಾತ್ರಿಯ 63 ಸಾವಿರ ಸೇರಿದರೆ 1.53 ಲಕ್ಷ. ಅಂದರೆ 27 ಸಾವಿರ ಹೆಚ್ಚಿಗೆ ಕೊಟ್ಟರೆ ನಡಿಗೆ ದುಪ್ಪಟ್ಟಾಗುತ್ತದೆ. ಪೂರ್ತಿ ಫ್ರೆಂಚ್ ದಾರಿಗೆ ಎರಡೂವರೆ ಲಕ್ಷ. ಸಣ್ಣ ದಾರಿ ಹಿಡಿದರೆ ಬಹಳ ಉಳಿಯುತ್ತದೆ ಅನ್ನುವುದು ಅರ್ಧ ಸತ್ಯ. ರಜೆ ಸಿಗುವುದಾದರೆ ದುಡ್ಡಿನ ಕಾರಣಕ್ಕೆ ಸಾರಿಯಾ ಆರಿಸಬೇಡಿ.

ಸಸ್ಯಾಹಾರಿಗಳಿಗೆ ಎಲ್ಲ ದಾರಿಯೂ ಒಂದೇ ಥರ ಕಷ್ಟ. ಮಾಂಸ ಬೇಡ ಅಂದರೆ ಟ್ಯೂನಾ ಮೀನು ಉದುರಿಸಿದ ಸಲಾಡ್ ತಂದಿಡುತ್ತಾರೆ. ಬೇಳೆಯ ಸೂಪ್ ಅಂದುಕೊಂಡು ಚಮಚ ಹಾಕಿದರೆ ಹಂದಿಮಾಂಸದ ಚೂರು. "ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಅತೂನ್" ಎಂದು ಮಾಂಸ, ಹ್ಯಾಮ್, ಟ್ಯೂನಾ ಮೂರನ್ನೂ ಬೇರೆ ಬೇರೆ ಹೆಸರು ಹಿಡಿದೇ ಬೇಡ ಅನ್ನಬೇಕು. ಮೊಟ್ಟೆ ತಿನ್ನುವವರು 'ತೊರ್ತಿಯಾ' ಎಂಬ ಆಲೂಗಡ್ಡೆ ಆಮ್ಲೆಟ್‌ನಲ್ಲಿ ಬದುಕಬಹುದು. ಪದ್ರೋನ್ ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ ಕಲ್ಲುಪ್ಪು ಉದುರಿಸಿ ಕೊಡುತ್ತಾರೆ. ಹತ್ತರಲ್ಲಿ ಒಂದು ಖಾರ, ನಮಗೆ ಅದೂ ಸಪ್ಪೆ. ಊರಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಹಾಲಿನ ಪೇಡ, ತುಪ್ಪ ಬೇಡ, ಹಾಲಿನ ಪದಾರ್ಥಗಳನ್ನು ಯೂರೋಪಿನ ಒಕ್ಕೂಟದೊಳಗೆ ತರಲು ಬಿಡುವುದಿಲ್ಲ. ಅಡುಗೆ ಮಾಡಿಕೊಳ್ಳೋಣ ಅಂದರೆ ಗಲೀಸಿಯಾದ ಎಷ್ಟೋ ಸರ್ಕಾರಿ ಛತ್ರಗಳಲ್ಲಿ ಥಳಥಳಿಸುವ ಒಲೆ ಇರುತ್ತದೆ, ಪಾತ್ರೆ ಒಂದೂ ಇರುವುದಿಲ್ಲ. ಒಂದು ಸಣ್ಣ ಸ್ಟೀಲ್ ತಪ್ಪಲೆ ಅಕ್ಕನ ಬ್ಯಾಗಿನಲ್ಲಿತ್ತು. ಅದರ ಭಾರಕ್ಕೆ ಮೂರು ದಿನ ಬೈದ ನಾನು ನಾಲ್ಕನೇ ದಿನದಿಂದ ಬಾಯಿ ಮುಚ್ಚಿಕೊಂಡೆ.

ಆರಿಸಿದ ಮೇಲೆ

ಏಪ್ರಿಲ್ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್ ಆರಂಭ. ಜುಲೈ, ಆಗಸ್ಟ್‌ನಲ್ಲಿ ಮೆಸೆತಾ ಬೇಡವೇ ಬೇಡ. ಇನ್ನೊಂದು ಮುಖ್ಯ ಸಂಗತಿ: ಸಂತ ಯಾಕೋಬನ ಹಬ್ಬವಾದ ಜುಲೈ 25 ಭಾನುವಾರ ಬಿದ್ದ ವರ್ಷವನ್ನು ಪವಿತ್ರ ವರ್ಷ ಎನ್ನುತ್ತಾರೆ. 2027 ಅಂಥದು. ಭಕ್ತಿಯಿಂದ ಹೋಗುವ ಕ್ರೈಸ್ತರಿಗೆ ಆ ವರ್ಷಕ್ಕೆ ಬೆಲೆಯೇ ಬೇರೆ, ಜನ ಎಷ್ಟೇ ಇದ್ದರೂ ಅವರು ಹೋಗಲಿ. ಬರೀ ನಡಿಗೆಗಾಗಿ ಹೋಗುವವರು ಆ ವರ್ಷ ಸಾರಿಯಾವನ್ನು ತಪ್ಪಿಸಿ, ಫೆರೋಲ್ ಹಿಡಿಯಿರಿ, ಇಲ್ಲವೇ ಮುಂದಿನ ವರ್ಷಕ್ಕೆ ಹಾಕಿ.

ಸ್ಪೇನ್, ಪೋರ್ಚುಗಲ್, ಫ್ರಾನ್ಸ್ ಮೂರಕ್ಕೂ ಒಂದೇ ಆದ ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ತಂಗುತ್ತೀರೋ ಅಲ್ಲಿಗೇ ಹಾಕಬೇಕು. ಪೋರ್ಟೊದಿಂದ ಹೊರಟವರಿಗೆ ಇದು ಸಣ್ಣ ಒಗಟು, ಏಕೆಂದರೆ ರಾತ್ರಿಗಳು ಎರಡೂ ದೇಶಕ್ಕೆ ಹೆಚ್ಚುಕಡಿಮೆ ಸಮ ಬೀಳುತ್ತವೆ. ಪೋರ್ಟೊದಲ್ಲಿ ಎರಡು ದಿನ ಸುತ್ತಾಡಿದರೆ ಪೋರ್ಚುಗಲ್, ಸ್ಯಾಂಟಿಯಾಗೊದಲ್ಲಿ ಉಳಿದರೆ ಸ್ಪೇನ್. ಸರ್ಕಾರಿ ಛತ್ರಗಳು ಮುಂಗಡ ಕಾದಿರಿಸಲು ಬಿಡುವುದಿಲ್ಲ, ವೀಸಾದವರು ಪ್ರತಿ ರಾತ್ರಿಯ ಬುಕಿಂಗ್ ಕೇಳುತ್ತಾರೆ. ಖಾಸಗಿ ತಂಗುದಾಣಗಳನ್ನು ರದ್ದು ಮಾಡಬಹುದಾದ ರೇಟಿನಲ್ಲಿ ಪೂರ್ತಿ ದಾರಿಗೂ ಕಾದಿರಿಸಿ ಅರ್ಜಿಗೆ ಲಗತ್ತಿಸಿ. ವೀಸಾ ಬಂದಮೇಲೂ ಮೊದಲ ಮೂರು ರಾತ್ರಿ ಮತ್ತು ಸ್ಯಾಂಟಿಯಾಗೊದ ಕೊನೆಯ ರಾತ್ರಿಯನ್ನು ಮಾತ್ರ ಮುಟ್ಟಬೇಡಿ. ನಡುವಿನದನ್ನು ಮೂರನೇ ದಿನ ನಿಮ್ಮ ಹಿಮ್ಮಡಿಯನ್ನು ಕೇಳಿ ಬದಲಾಯಿಸಿಕೊಳ್ಳಬಹುದು.